ಒಂದು ತೋಳಿನಷ್ಟು

ಮೂವತ್ತೊಂದು ವರ್ಷ ಒಂದೇ ಮಾತು ಮಾರಿದವ ನಾನು:
ಮುಂದ ಸರೀರಿ, ಮುಂದ ಸರೀರಿ.
ಮಾನ್ವಿ, ಸಿಂಧನೂರು, ಲಿಂಗಸುಗೂರು;
ನಲವತ್ತೆಂಟು ಸೀಟಿನ ಗಾಡ್ಯಾಗ ನೂರಾ ಹತ್ತು ಉಸಿರು ತುರುಕಿ
ಮೊಣಕೈಲೆ ದಾರಿ ಕೊರಕೋತ ಹೋದವ.
ಮನುಷ್ಯಾಗೂ ಮನುಷ್ಯಾಗೂ ನಡುವ
ಜಾಗ ಅಂಬೋದೊಂದು ಇರತೈತಿ ಅಂತ
ಡಿಪೋದಾಗ ಯಾರೂ ಹೇಳಿದ್ದಿಲ್ಲ.

ರಿಟೈರಾದ ವಾರಕ್ಕ
ಭಾವಮೈದುನ ಪಂಪಣ್ಣ ಮದುವಿ ಕುದುರಿ ತಂದ.
ಪಾಲು ಅರ್ಧ, ಕೆಲಸ ಪೂರಾ ನಿಂದು ಅಂದ.
ಹೆಸರು ಗುಲ್ಕನ್. ಬಿಳಿ ಹೆಣ್ಣು ಕುದುರಿ,
ಮೂಗಿನ ಮ್ಯಾಲ ಗುಲಾಬಿ ಬಣ್ಣದ ಮಚ್ಚಿ.
ಕಂಡಕಂಡೋರು ಬೆಲ್ಲ ತಿನಿಸಿ ಕೆಡಿಸಿಟ್ಟಿದ್ರು.
ಭುಜ ಹಚ್ಚಿ ನೂಕತಿತ್ತು,
ಕೇಳದ ಕಿಸೆದಾಗ ಮೂತಿ ಇಳಸತಿತ್ತು,
ಒಂದಿನ ನನ್ನ ಬಲಗಾಲ ಹೆಬ್ಬೆರಳ ಮ್ಯಾಲ ಗೊರಸು ಊರಿ
ಸುಮ್ಮ ರಸ್ತೆ ನೋಡಕೋತ ನಿಂತಿತ್ತು
ಕಿಟಕಿ ಸೀಟು ಸಿಕ್ಕ ಪ್ಯಾಸೆಂಜರ್ ಹಂಗ.

ಅಕ್ಕಿ ಮಿಲ್ಲಿನ ಹಿಂದ, ಹೊಟ್ಟು ಹರವಿದ ಬಯಲಿಗೆ
ಖಾಸಿಂಬಿ ಬಂದಳು. ಟಾಂಗಾ ಹೊಡದ ಮನಿತನ,
ಎಪ್ಪತ್ತು ದಾಟಿದಾಕಿ, ದವಡ್ಯಾಗ ಎಲಿಯಡಿಕಿ.
ಕುದುರಿ ಕಡೆ ನೋಡಲಿಲ್ಲ, ನನ್ನ ಕಾಲು ನೋಡಿದಳು.
"ನೀ ಯಾಕ ಸರದಿ?
ಅದು ಒಂದ್ ಹೆಜ್ಜಿ ಬಂತು, ನೀ ಒಂದ್ ಹೆಜ್ಜಿ ಕೊಟ್ಟಿ.
ಕುದುರಿ ಲೆಕ್ಕ ಮರಿಯಂಗಿಲ್ಲ.
ಕಂಡಕ್ಟರಾ, ನಿನಗ ಅದು ಟಿಕೆಟ್ ಹರಿಯಾಕತ್ತೈತಿ."

ಆಮ್ಯಾಲ ಹಗ್ಗದ ತುದಿ ನನ್ನ ಕೈಗಿಟ್ಟಳು, ಸಡಲ ಹಗ್ಗ.
"ಹೊಕ್ಕಳದಾಗ ಬ್ಯಾಟ್ರಿ ಐತಿ ಅಂತ ತಿಳಕೋ.
ಎದಿಗೆ ಬಿಟ್ಟರ ನಿಂದ್ರತೈತಿ,
ಚಪ್ಪಿಗೆ ಬಿಟ್ಟರ ಹೊಳ್ಳತೈತಿ,
ನೀನ ಹೊಳ್ಳಿ ಬೆಳಕು ತಗದಿ ಅಂದ್ರ
ಉಸ್ಸಂತ ಉಸಿರು ಬಿಡತೈತಿ.
ಹಿಂದ ಸರಸಬೇಕಾ? ಮೊದಲು ಬೆರಳು ಅಲ್ಲಾಡಸು,
ಕೇಳಲಿಲ್ಲಾ, ಮಣಿಕಟ್ಟು. ಕೇಳಲಿಲ್ಲಾ, ತೋಳು.
ಸರದ ಕೂಡ್ಲೆ ಬಿಡು. ಎಲಿ ತುಂಬು ಮುರಿಯೋವಷ್ಟು ತಡಾ ಮಾಡಿದ್ರೂ
ಪಾಠ ಹಾಳು.
ಹೊಡಿಬ್ಯಾಡ. ಒದರಬ್ಯಾಡ."

ಒದರಬ್ಯಾಡ!
ನನ್ನ ಗಂಟಲ್ಯಾಗ ಮೂವತ್ತೊಂದು ವರ್ಷದ ಸೀಟಿ
ಖಾಲಿ ಊದಕೋತ ಕುಂತಿತು.

ಬಿಸಿಲು ಏರೋದ್ರಾಗ, ಐದೂವರೆಗೆ, ದಿನಾ.
ಎಂಟು ದಿನ ನಾನೂ ಅದೂ
ಒಂದೇ ಬಾಗಲದಾಗ ಸಿಕ್ಕೊಂಡ ಇಬ್ಬರು ದಪ್ಪನೋರ ಹಂಗ.
ನಾ ನಗಸ್ಯಾಡಿದೆ, ಬೈದೆ, ಖಾಸಿಂಬಿ ಕಾಣದಂಗ ಬೆಲ್ಲ ಕೊಟ್ಟೆ.
(ಕಂಡಿದ್ದಳು.)
ಒಂಬತ್ತನೇ ದಿನ ಬೆರಳಷ್ಟೇ ಆಡಸಿದೆ.
ಗುಲ್ಕನ್ ಒಂದು ಕಿವಿ ನನ್ನ ಕಡೆ ತಂತು.
ಎಡಗಾಲು ಎತ್ತಿ ಹಿಂದ ಇಟ್ಟಿತು. ಬಲಗಾಲು.
ಹಗ್ಗ ಬಿಟ್ಟೆ.
ತಲಿ ತಗ್ಗಿಸಿ, ತುಟಿ ನೆಕ್ಕಿ,
ಇಲ್ಲದ ಹುಲ್ಲು ಜಗಿಯಾಕತ್ತಿತು.
ನಮ್ಮಿಬ್ಬರ ನಡುವ ಒಂದು ತೋಳಿನಷ್ಟು ಹೊಟ್ಟಿನ ನೆಲ.
ಏನು ಮಾಡಬೇಕು ಅದನ್ನ, ತಿಳೀಲಿಲ್ಲ ನನಗ.
ತುಂಬಬೇಕು ಅನಸತಿತ್ತು, ಇಬ್ಬರನ್ನರ ನಿಂದ್ರಿಸಬೇಕು.
ಅಷ್ಟರಾಗ ಒಂದು ಗೊರವಂಕ ಬಂದು
ಆ ಜಾಗದಾಗ ಠೀವಿಲೆ ನಡದು ದಾಟಿ ಹೋತು,
ಟಿಕೆಟ್ ಇಲ್ಲದ.

ಮೊದಲನೇ ಮೆರವಣಿಗಿ ಮಾವಿನಕೆರಿ ಕಡೆ.
ಮ್ಯಾಲ ಮದುಮಗ, ಕೆಳಗ ಜನರೇಟರ್ ಹೊಗಿ, ತಾಷಾ.
ಮಂದಿ ಒತ್ತಿ ಬಂತು. ನಾಲಿಗಿ ತುದೀಗೆ ಬಂದ ಮಾತು ನುಂಗಿದೆ.
ಬ್ಯಾಟ್ರಿ ಹೊಳ್ಳಿಸಿದೆ, ಪಾದ ಊರಿದೆ, ಉಸಿರು ಬಿಟ್ಟೆ.
ಅದೂ ಬಿಟ್ಟಿತು.
ತಾಷಾ ಹುಡುಗ ಕೋಲು ಬಗಲಾಗಿಟ್ಟು ಕೇಳಿದ:
"ಅಜ್ಜಾ, ಮುಟ್ಲೇನು?"
"ಅದನ್ನ ಕೇಳು."
ಅರ್ಧ ಕೈ ಚಾಚಿ ನಿಂತ. ಗುಲ್ಕನ್ ವಿಚಾರ ಮಾಡಾಕತ್ತಿತು.
ಬ್ಯಾಂಡು ನಿಂತಿತು, ಮದುಮಗ ಬಗ್ಗಿ ನೋಡಿದ,
ಹಿಂದಿಂದ ಯಾರೋ ಒದರಿದರು:
ಮುಂದ ಸರೀರಿ, ಮುಂದ ಸರೀರಿ!
ಹೊಳ್ಳಿ ನೋಡಿದೆ. ನನ್ನ ದನಿ ಅಲ್ಲ.

ಅದು ಇನ್ನೂ ವಿಚಾರ ಮಾಡಕೋತ ಇತ್ತು.